ಅಶರೀರವಾಣಿಯಿಂದ ‘ವೇವ್ಸ್’ವರೆಗೆ

ಹಾಸನದಿಂದ ಸಾಲಗಾಮೆಯ ಕಡೆಗೆ ಹೋಗುವವರಿಗೆ ದಾರಿಯಲ್ಲಿ ಆಕಾಶಕ್ಕೆ ಮುಖ ಮಾಡಿ ನಿಂತ ಬೃಹತ್ ಬಿಳಿ ಬಟ್ಟಲುಗಳು ಕಾಣುತ್ತವೆ. ಅದು ಇಸ್ರೋ ಸಂಸ್ಥೆಯ ಪ್ರಧಾನ ನಿಯಂತ್ರಣ ಕೇಂದ್ರ. 1982ರಲ್ಲಿ ಇನ್ಸಾಟ್-1ಎ ಉಪಗ್ರಹದ ಜೊತೆಗೇ ಹುಟ್ಟಿದ್ದು. ಆ ವರ್ಷದ ಆಗಸ್ಟ್ 15ರಂದು ದೂರದರ್ಶನದ ರಾಷ್ಟ್ರೀಯ ಪ್ರಸಾರ ಈ ಉಪಗ್ರಹವನ್ನೇ ನಂಬಿ ಆರಂಭವಾಯಿತು. ಮರುತಿಂಗಳೇ ಉಪಗ್ರಹ ಕೈಕೊಟ್ಟದ್ದು ಬೇರೆ ಮಾತು. ಇಂದು ದೂರದರ್ಶನದ ‘ಫ್ರೀ ಡಿಶ್’ ಸೇವೆಯನ್ನು ಹೊತ್ತಿರುವ ಜಿಸ್ಯಾಟ್-15, 2015ರ ನವೆಂಬರಿನಲ್ಲಿ ದಕ್ಷಿಣ ಅಮೆರಿಕದ ಕೌರೂವಿನಿಂದ ಮೇಲೇರಿದಾಗ ಅದರ ಲಗಾಮನ್ನು ಕೈಗೆ ತೆಗೆದುಕೊಂಡದ್ದೂ ಹಾಸನವೇ.

ಅದೇ ಊರಿನಲ್ಲಿ ಇನ್ನೊಂದು ಗೋಪುರವಿದೆ. 102.2 ಮೆಗಾಹರ್ಟ್ಸ್‌ನಲ್ಲಿ ‘ಆಕಾಶವಾಣಿ, ಹಾಸನ’ ಎಂದು ಹೇಳಿಕೊಳ್ಳುವ ನಿಲಯದ್ದು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಳ್ಳಿಗಳಿಗೆ ಕೃಷಿ ಮಾತು, ಹಾಡು, ವಾರ್ತೆ ಮುಟ್ಟಿಸುವುದು ಅದರ ಕೆಲಸ. ಒಂದು ಗೋಪುರ ತಾಲ್ಲೂಕುಗಳನ್ನು ನೋಡುತ್ತದೆ, ಒಂದು ಬಟ್ಟಲು ಜಗತ್ತನ್ನು. ಎರಡರ ಹಿಂದೆಯೂ ಸಾರ್ವಜನಿಕ ಪ್ರಸಾರವೆಂಬ ಒಂದೇ ಮನೆತನ. ಆದರೆ ಊರೊಳಗೆ ಈ ಮನೆತನದ ಹೆಸರು ಎಲ್ಲರಿಗೂ ಗೊತ್ತು. ಊರು ದಾಟಿದರೆ ಅದನ್ನು ಏನೆಂದು ಕರೆಯಬೇಕೆಂದು ಮನೆಯವರಿಗೇ ಆಗಾಗ ಗೊಂದಲವಾಗಿದೆ.

ಊರೊಳಗಿನ ಹೆಸರಿನ ಕತೆ ಮೈಸೂರಿನದು. 1935ರ ಸೆಪ್ಟೆಂಬರ್ 10ರಂದು ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ 30 ವಾಟ್‌ನ ಪುಟ್ಟ ಯಂತ್ರವೊಂದರಲ್ಲಿ ಪ್ರಸಾರ ಶುರು ಮಾಡಿದರು. ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರು ಸೂಚಿಸಿದವರು ನಾ. ಕಸ್ತೂರಿ ಎಂಬುದು ರೂಢಿಯ ಮಾತು. ಹೆಸರಿನ ಜಾಣತನ ನೋಡಿ. ಯಕ್ಷಗಾನ, ಹರಿಕಥೆ ಕೇಳಿ ಬೆಳೆದ ಯಾರಿಗೂ ಅದು ಹೊಸ ಪದವಲ್ಲ. ತಂಗಿ ದೇವಕಿಯ ರಥ ಹೊಡೆಯುತ್ತಿದ್ದ ಕಂಸನಿಗೆ ಮೇಲಿನಿಂದ ಕೇಳಿಸಿದ್ದು ಅದೇ ತಾನೆ? ದೇಹವಿಲ್ಲದ ದನಿ. ಅಕ್ಷರ ಬಾರದ ಅರಕಲಗೂಡು ಸಂತೆಯ ರೈತನಿಗೂ ಈ ಹೊಸ ಪೆಟ್ಟಿಗೆ ಏನು ಮಾಡುತ್ತದೆಂಬುದು ಒಂದೇ ಪದದಲ್ಲಿ ತಿಳಿಯುತ್ತಿತ್ತು. ಬ್ರ್ಯಾಂಡ್ ಎಂಬ ಮಾತು ಇಲ್ಲಿಗೆ ಬರುವ ಮೊದಲೇ ಮಾಡಿದ ಬ್ರ್ಯಾಂಡ್ ಅದು.

ಮೈಸೂರಿನಲ್ಲಿ ಹೀಗಾದರೆ ದೆಹಲಿಯಲ್ಲಿ ಬೇರೆಯದೇ ಆಟ ನಡೆದಿತ್ತು. ಬಿಬಿಸಿಯಿಂದ ಬಂದ ಲಯನಲ್ ಫೀಲ್ಡನ್‌ಗೆ ‘ಇಂಡಿಯನ್ ಸ್ಟೇಟ್ ಬ್ರಾಡ್‌ಕಾಸ್ಟಿಂಗ್ ಸರ್ವಿಸ್’ ಎಂಬ ಉದ್ದನೆಯ ಹೆಸರು ಹಿಡಿಸಲಿಲ್ಲ. ವೈಸರಾಯ್ ಲಿನ್‌ಲಿತ್‌ಗೋ ಜೊತೆ ಮಾತಿಗೆ ಮಾತು ಸೇರಿಸುತ್ತಾ, ವೈಸರಾಯರೇ ಹೆಸರು ಕಂಡುಹಿಡಿದರೆಂಬ ಭಾವನೆ ಬರುವಂತೆ ನಾಜೂಕಾಗಿ ‘ಆಲ್ ಇಂಡಿಯಾ ರೇಡಿಯೋ’ ಎಂಬಲ್ಲಿಗೆ ತಂದು ನಿಲ್ಲಿಸಿದ್ದನ್ನು ಅವರು ತಮ್ಮ ಆತ್ಮಕಥೆಯಲ್ಲಿ ವರ್ಣಿಸಿದ್ದಾರೆ. ಮೊದಲಕ್ಷರಗಳು ಸೇರಿದರೆ ‘ಏರ್’, ಅಂದರೆ ಗಾಳಿ. 1936ರ ಜೂನ್ 8ರಂದು ಹೆಸರು ಜಾರಿಯಾಯಿತು. ಮೈಸೂರಿನ ನಿಲಯ 1950ರಲ್ಲಿ ಈ ಗಾಳಿಯೊಳಗೆ ಸೇರಿತು. ಆದರೆ ಗೆದ್ದದ್ದು ಸೇರಿಕೊಂಡವರ ಹೆಸರೇ: 1956-57ರ ಹೊತ್ತಿಗೆ ಇಡೀ ದೇಶದ ರೇಡಿಯೋ ‘ಆಕಾಶವಾಣಿ’ ಆಯಿತು.

ಅಲ್ಲಿಂದ ಮುಂದೆ ಎರಡು ಹೆಸರು. ದೇಶೀಯ ಭಾಷೆಗಳಲ್ಲಿ ಆಕಾಶವಾಣಿ, ಇಂಗ್ಲಿಷಿನಲ್ಲಿ ಮತ್ತು ಹೊರದೇಶಗಳಿಗೆ ಆಲ್ ಇಂಡಿಯಾ ರೇಡಿಯೋ. 1939ರಲ್ಲಿ ಪುಷ್ತು ಭಾಷೆಯ ಪ್ರಸಾರದಿಂದ ಶುರುವಾದ ವಿದೇಶ ವಿಭಾಗ ಮುಂದೆ ಹತ್ತಾರು ಭಾಷೆಗಳಿಗೆ ಬೆಳೆಯಿತು. ಪಶ್ಚಿಮ ಏಷ್ಯಾದ ಕನ್ನಡಿಗರಿಗಾಗಿ ಶಾರ್ಟ್ ವೇವ್‌ನಲ್ಲಿ ಕನ್ನಡದಲ್ಲೂ ಕಾರ್ಯಕ್ರಮ ಹೋಗುತ್ತಿತ್ತು ಎಂಬುದು ಇಂದಿನ ಅನೇಕರಿಗೆ ತಿಳಿಯದು. ಶಾರ್ಟ್ ವೇವ್ ಈಗ ಬಹುಮಟ್ಟಿಗೆ ಕುಗ್ಗಿದೆ. 2023ರ ಮೇ ತಿಂಗಳಲ್ಲಿ ಪ್ರಸಾರ ಭಾರತಿಯು ಎಲ್ಲೆಡೆ ‘ಆಕಾಶವಾಣಿ’ ಎಂದೇ ಹೇಳಬೇಕೆಂದು ಆದೇಶಿಸಿತು. 1990ರ ಕಾಯ್ದೆಯಲ್ಲೇ ಆ ಹೆಸರು ಇದೆಯೆಂಬುದು ಅದರ ಆಧಾರ. ತಮಿಳುನಾಡಿನಿಂದ ಆಕ್ಷೇಪ ಬಂತು. ಅಲ್ಲಿ ರೇಡಿಯೋಗೆ ‘ವಾನೊಲಿ’ ಎಂಬ ತಮ್ಮದೇ ಪದವಿದೆ. ನಮಗೆ ಸಹಜವಾಗಿ ಕೇಳುವ ಮೈಸೂರಿನ ಪದ ನೆರೆಮನೆಯಲ್ಲಿ ಹೇರಿಕೆಯಾಗಿ ಕೇಳಿಸಬಹುದು ಎಂಬುದನ್ನು ನಾವು ಕನ್ನಡಿಗರು ಒಪ್ಪಬೇಕಾಗುತ್ತದೆ.

ಹೆಸರಿಗಿಂತ ಗಟ್ಟಿಯಾಗಿ ನಿಂತದ್ದು ದನಿ. ಬೆಳಗಿನ ಪ್ರಸಾರಕ್ಕೆ ಮುನ್ನ ತಂಬೂರಿಯ ಮೇಲೆ ತೇಲಿಬರುವ ಆ ಪಿಟೀಲಿನ ಸಂಕೇತ ಸಂಗೀತ ಕಟ್ಟಿದವರು ವಾಲ್ಟರ್ ಕಾಫ್‌ಮನ್. ನಾಜಿಗಳ ಕಾಲದಲ್ಲಿ ಯುರೋಪು ಬಿಟ್ಟು ಮುಂಬಯಿಗೆ ಬಂದ ಯೆಹೂದಿ ಸಂಗೀತಗಾರ. ರಾಗ ಶಿವರಂಜಿನಿ. ಅದನ್ನು ಭಾಷಾಂತರಿಸಬೇಕಾಗಿಲ್ಲ, ಯಾರೂ ಆಕ್ಷೇಪಿಸಿಲ್ಲ. ದೂರದರ್ಶನಕ್ಕೆ ಅಂಥದೇ ಗುರುತು ಅದರ ‘ಕಣ್ಣು’. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ವಿದ್ಯಾರ್ಥಿ ದೇವಾಶಿಸ್ ಭಟ್ಟಾಚಾರ್ಯ ಬರೆದ ಎರಡು ಬಾಗಿದ ಗೆರೆ ಮತ್ತು ನಡುವೊಂದು ಬಿಂದು.

ಪ್ರಾದೇಶಿಕ ವಾಹಿನಿಗಳ ಹೆಸರಿಡುವಾಗ ದೂರದರ್ಶನಕ್ಕೆ ಬೆಟ್ಟಗಳ ಮೇಲೆ ಬಲು ಪ್ರೀತಿ. ಮರಾಠಿಗೆ ಸಹ್ಯಾದ್ರಿ, ತೆಲುಗಿಗೆ ಸಪ್ತಗಿರಿ ಮತ್ತು ಯಾದಗಿರಿ, ಗುಜರಾತಿಗೆ ಗಿರ್ನಾರ್, ತಮಿಳಿಗೆ ಪೊದಿಗೈ. ಸಕಲೇಶಪುರದ ಘಟ್ಟವಿಟ್ಟುಕೊಂಡೂ ನಮಗೆ ಸಿಕ್ಕಿದ್ದು ಮರ: ಡಿಡಿ-9 ಎಂಬ ಒಣ ಸಂಖ್ಯೆ ಹೋಗಿ ‘ಚಂದನ’ವಾಯಿತು. ದೂರುವಂತಿಲ್ಲ, ಪರಿಮಳವಿರುವ ಹೆಸರು. ಬೆಂಗಳೂರಿನ ‘ಎಫ್‌ಎಂ ರೇನ್‌ಬೋ’ ಕೂಡ ಕನ್ನಡದಲ್ಲಿ ‘ಕಾಮನಬಿಲ್ಲು’ ಎಂದು ಕರೆಸಿಕೊಂಡಿತು. 2024ರ ಜನವರಿಯಲ್ಲಿ ಪೊದಿಗೈ ಮಾತ್ರ ಬೆಟ್ಟ ಇಳಿದು ‘ಡಿಡಿ ತಮಿಳ್’ ಆಯಿತು. ಇದರಲ್ಲೊಂದು ಲೆಕ್ಕಾಚಾರ ಕಾಣುತ್ತದೆ: ಭಾಷೆಯ ಹೆಸರೇ ಇದ್ದರೆ ಕ್ವಾಲಾಲಂಪುರದಲ್ಲಿ ಹುಡುಕುವವನಿಗೂ ಸಿಗುತ್ತದೆ. ‘ಚಂದನ’ ಎಂದು ಹುಡುಕಿದರೆ ಸಾಬೂನು, ಊದಿನಕಡ್ಡಿಗಳ ನಡುವೆ ವಾಹಿನಿಯನ್ನು ಹೆಕ್ಕಬೇಕು.

ಹೊರದೇಶಗಳಿಗೆಂದೇ ಹೊರಟ ವಾಹಿನಿಯ ಪಾಡು ಇನ್ನೂ ವಿಚಿತ್ರ. 1995ರ ಮಾರ್ಚಿಯಲ್ಲಿ ‘ಡಿಡಿ ಇಂಟರ್‌ನ್ಯಾಷನಲ್’ ಆಗಿ ಹುಟ್ಟಿ, 2000ದಲ್ಲಿ ‘ಡಿಡಿ ವರ್ಲ್ಡ್’ ಆಗಿ, 2002ರಲ್ಲಿ ‘ಡಿಡಿ ಇಂಡಿಯಾ’ ಆಯಿತು. 2019ರಲ್ಲಿ ಅದೇ ಹೆಸರಿನಲ್ಲಿ ಇಂಗ್ಲಿಷ್ ಸುದ್ದಿ ವಾಹಿನಿಯಾಗಿ ಬದಲಾಯಿತು. ಹೆಸರು ಬದಲಾದಾಗ ಒಳಗಿನದು ಹಾಗೇ ಉಳಿಯಿತು, ಒಳಗಿನದು ಬದಲಾದಾಗ ಹೆಸರು ಉಳಿಯಿತು! ಬಿಬಿಸಿಯೂ ಹೆಸರು ಬದಲಿಸಿದೆ: 1932ರ ‘ಎಂಪೈರ್ ಸರ್ವಿಸ್’ 1965ರಲ್ಲಿ ‘ವರ್ಲ್ಡ್ ಸರ್ವಿಸ್’ ಆಯಿತು, ಅದರ ಜಾಗತಿಕ ಟಿ.ವಿ. ವಾಹಿನಿ ‘ಬಿಬಿಸಿ ವರ್ಲ್ಡ್’, ‘ಬಿಬಿಸಿ ವರ್ಲ್ಡ್ ನ್ಯೂಸ್’ ಆಗಿ 2023ರಲ್ಲಿ ಬರೀ ‘ಬಿಬಿಸಿ ನ್ಯೂಸ್’ ಆಯಿತು. ಆದರೆ ಆ ಮೂರು ಅಕ್ಷರಗಳನ್ನು ಅವರು ಕೈಬಿಟ್ಟಿಲ್ಲ.

ನಮ್ಮವರು ಬಿಟ್ಟರು. 2024ರ ನವೆಂಬರ್ 20ರಂದು ಗೋವಾ ಚಿತ್ರೋತ್ಸವದಲ್ಲಿ ಪ್ರಸಾರ ಭಾರತಿ ತನ್ನ ಒಟಿಟಿ ವೇದಿಕೆಯನ್ನು ಬಿಡುಗಡೆ ಮಾಡಿದಾಗ ಅದಕ್ಕೆ ಇಟ್ಟ ಹೆಸರು ‘ವೇವ್ಸ್’, ಅಲೆಗಳು. ಕನ್ನಡವೂ ಸೇರಿ ಹಲವು ಭಾಷೆಗಳಿರುವ, ಹಳೆಯ ಧಾರಾವಾಹಿಗಳ ಕಣಜವಿರುವ ವೇದಿಕೆ. ಹೆಸರಿನಲ್ಲಿ ಆಕಾಶವೂ ಇಲ್ಲ, ದೂರವೂ ಇಲ್ಲ. ಸಾಲದ್ದಕ್ಕೆ 2025ರ ಮೇ ತಿಂಗಳಲ್ಲಿ ಮುಂಬಯಿಯಲ್ಲಿ ಕೇಂದ್ರ ಸರ್ಕಾರ ನಡೆಸಿದ ಮನರಂಜನಾ ಉದ್ಯಮದ ಜಾಗತಿಕ ಸಮ್ಮೇಳನದ ಹೆಸರೂ ‘ವೇವ್ಸ್’. ರೇಡಿಯೋಗೆ ಇನ್ನೊಂದು ಬಾಗಿಲು, ‘ನ್ಯೂಸ್ ಆನ್ ಏರ್’. ಅಲ್ಲಿ ಫೀಲ್ಡನ್‌ರ ಗಾಳಿ ಮಾತ್ರ ಇನ್ನೂ ಉಳಿದಿದೆ.

ಹೊಳೆನರಸೀಪುರದ ತಾಯಿಯೊಬ್ಬರು ದುಬೈಯಲ್ಲಿರುವ ಮಗನಿಗೆ ಫೋನಿನಲ್ಲಿ ‘ಇವತ್ತು ಚಂದನದಲ್ಲಿ ಒಳ್ಳೆಯ ಕಾರ್ಯಕ್ರಮವಿದೆ, ನೋಡು’ ಎಂದರೆನ್ನಿ. ಅವನು ‘ಅಲೆಗಳು’ ಎಂಬ ಇಂಗ್ಲಿಷ್ ಪದವನ್ನು ಹುಡುಕಿ, ಸಮ್ಮೇಳನದ ಫಲಿತಾಂಶಗಳನ್ನು ದಾಟಿ, ವೇದಿಕೆಯನ್ನು ಇಳಿಸಿಕೊಂಡು, ವಾಹಿನಿಗಳ ಪಟ್ಟಿಯಲ್ಲಿ ಬೆರಳಾಡಿಸಿ ಹೋಗಬೇಕು. ತಾಯಿ ಹೇಳಿದ ಹೆಸರು ಅವನಿಗೆ ಎದುರಾಗುವುದು ಕೊನೆಯ ಮೆಟ್ಟಿಲಲ್ಲಿ.