ಹೊಸ ಗೇಮ್‌ಗೆ ಎಷ್ಟು ಸಂಜೆ ಕೊಡಬೇಕು?

ಕಂಪ್ಯೂಟರ್‌ನಲ್ಲಿ ದುಡ್ಡು ಕೊಟ್ಟು ಗೇಮ್ ತಗೊಳ್ಳೋರಿಗೆ ಸ್ಟೀಮ್‌ನ ಒಂದು ನಿಯಮ ಬಾಯಿಪಾಠ ಆಗಿರುತ್ತೆ. ಕೊಂಡು 14 ದಿನ ಆಗಿರಬಾರದು, ಆಡಿದ್ದು 2 ಗಂಟೆ ದಾಟಿರಬಾರದು. ಅಷ್ಟಿದ್ದರೆ ಕಾರಣ ಏನೇ ಇರಲಿ, ಹಣ ವಾಪಸ್. 2015ರಿಂದ ಈ ವ್ಯವಸ್ಥೆ ಇದೆ. ಎಪಿಕ್ ಸ್ಟೋರ್‌ನಲ್ಲೂ ಹೆಚ್ಚುಕಡಿಮೆ ಇದೇ ಲೆಕ್ಕ. ಪ್ಲೇಸ್ಟೇಷನ್ ಇನ್ನೂ ಬಿಗಿ. ಅಲ್ಲಿ ಡೌನ್‌ಲೋಡ್ ಶುರುವಾದರೆ ಸಾಮಾನ್ಯವಾಗಿ ಕಥೆ ಮುಗಿದ ಹಾಗೇ.

ಇದರಿಂದ ಏನಾಗಿದೆ ಅಂದ್ರೆ, ನಮಗೆ ಗೊತ್ತಿಲ್ಲದ ಹಾಗೆ ಈ ಎರಡು ಗಂಟೆಯೇ ಗೇಮ್ ಅಳೆಯೋ ಅಳತೆಗೋಲಾಗಿಬಿಟ್ಟಿದೆ. ನಮ್ಮ ಶಿವಮೊಗ್ಗದ ಗಾಂಧಿ ಬಜಾರಿನ ಬಟ್ಟೆ ಅಂಗಡಿಯಲ್ಲಿ "ಒಂದ್ಸಲ ಹಾಕ್ಕೊಂಡು ನೋಡಿ ಸರ್" ಅಂತಾರಲ್ಲ, ಹಾಗೆ. ಆದರೆ ಅಂಗಿ ಹೊಂದುತ್ತೋ ಇಲ್ಲವೋ ಅಂತ ಕನ್ನಡಿ ಮುಂದೆ ಒಂದು ನಿಮಿಷದಲ್ಲಿ ಗೊತ್ತಾಗುತ್ತೆ. ಗೇಮ್ ಹಾಗಲ್ಲ.

ರೆಡ್ ಡೆಡ್ ರಿಡೆಂಪ್ಷನ್ 2 ಆಡಿದವರಿಗೆ ಈ ಮಾತು ತಕ್ಷಣ ಅರ್ಥ ಆಗುತ್ತೆ. 2018ರಲ್ಲಿ ಬಂದ ಗೇಮ್, ಪಿಸಿಗೆ ಬಂದಿದ್ದು 2019ರ ನವೆಂಬರ್‌ನಲ್ಲಿ. ಶುರುವಾಗೋದೇ ಹಿಮ ತುಂಬಿದ ಬೆಟ್ಟದಲ್ಲಿ. ಕುದುರೆ ಹೆಜ್ಜೆ ಎತ್ತಿಡೋಕೆ ಒದ್ದಾಡುತ್ತೆ, ನಮ್ಮ ಮನುಷ್ಯ ಮಂಡಿ ತನಕ ಹಿಮದಲ್ಲಿ ಹೂತು ನಡೀತಾನೆ. ಎಲ್ಲಿ ಹೋಗು ಅಂತಾರೋ ಅಲ್ಲಿಗೆ ಹೋಗೋದು, ಯಾರನ್ನ ಹಿಂಬಾಲಿಸು ಅಂತಾರೋ ಅವರ ಹಿಂದೆ ಹೋಗೋದು. ಅವಸರ ಮಾಡದೆ ಆಡಿದರೆ ಬೆಟ್ಟ ಇಳಿದು ಹಸಿರು ಬಯಲಿಗೆ ಬರೋ ಹೊತ್ತಿಗೆ ಹೆಚ್ಚುಕಡಿಮೆ ಎರಡು ಗಂಟೆ. ಅಂದರೆ ಗೇಮ್‌ನ ಬಾಗಿಲು ತೆರೆಯೋದಕ್ಕೂ ರೀಫಂಡ್‌ನ ಬಾಗಿಲು ಮುಚ್ಚೋದಕ್ಕೂ ಸರಿಹೋಗುತ್ತೆ! ಅಂಗಡಿಯ ಗಡಿಯಾರ ನೋಡಿಕೊಂಡು ತೀರ್ಮಾನ ಮಾಡಿದವನಿಗೆ ಸಿಗೋದು ಬರೀ ಹಿಮ.

ಇದಕ್ಕೆ ಉಲ್ಟಾ ಹೊಡೆಯೋ ಗೇಮ್‌ಗಳೂ ಇವೆ. ಮೊದಲ ಅರ್ಧ ಗಂಟೆ ಸಿನಿಮಾ ಟ್ರೇಲರ್ ಥರ ಸ್ಫೋಟ, ಓಟ, ಡ್ರ್ಯಾಗನ್. ಆಮೇಲೆ ಮೂವತ್ತು ಗಂಟೆ ಮ್ಯಾಪ್ ಮೇಲಿನ ಚುಕ್ಕೆಗಳನ್ನ ಒಂದೊಂದಾಗಿ ಅಳಿಸೋ ಗುಮಾಸ್ತಗಿರಿ. ಮದುವೆ ಊಟದಲ್ಲಿ ಮೊದಲ ಸಿಹಿ ಬಿಸಿಬಿಸಿ ಬಡಿಸಿ, ಅನ್ನದ ಹೊತ್ತಿಗೆ ಬಡಿಸೋರೇ ಕಾಣದ ಹಾಗೆ.

ಇದೆಲ್ಲ ಯಾಕೆ ಇಷ್ಟು ತಲೆಕೆಡಿಸ್ಕೋಬೇಕು, ಗೇಮ್ ತಾನೆ ಅಂತ ಕೇಳಬಹುದು. ಕಾಲೇಜಿನಲ್ಲಿದ್ದಾಗ ನಾನೂ ಕೆಡಿಸ್ಕೊಂಡಿರಲಿಲ್ಲ. ಆಗ ರಾತ್ರಿಗಳು ಬೇಕಾದಷ್ಟಿದ್ದವು, ದುಡ್ಡು ಇರಲಿಲ್ಲ. ಈಗ ನನ್ನ ಕೆಲಸ ಹೆಚ್ಚಾಗಿ ಮನೆಯಿಂದಲೇ. ವಿನೋಬನಗರದ ಬಾಡಿಗೆ ಮನೆ, ದೀಪಾವಳಿ ಹೊತ್ತಿಗೆ ಹುಟ್ಟಿದ ಮಗಳು. ಅವಳು ಮಲಗಿ, ಪಾತ್ರೆ ತೊಳೆದು, ಅಮೆರಿಕದವರ ಜೊತೆಗಿನ ಕಾಲ್ ಇಲ್ಲದ ದಿನ ರಾತ್ರಿ ಹತ್ತರಿಂದ ಹನ್ನೊಂದು ನಂದು. ವಾರಕ್ಕೆ ಅಂಥ ನಾಲ್ಕು ರಾತ್ರಿ ಸಿಕ್ಕರೆ ಪುಣ್ಯ. 50 ಗಂಟೆಯ ಗೇಮ್ ಅಂದರೆ ಹನ್ನೆರಡು ವಾರ. ಯುಗಾದಿಗೆ ಶುರು ಮಾಡಿದರೆ ಮುಗಿಯೋ ಹೊತ್ತಿಗೆ ತುಂಗೆ ಕೆಂಪಗೆ ತುಂಬಿ ಹರೀತಿರ್ತಾಳೆ, ಮಗಳು ಅಂಬೆಗಾಲಿಡ್ತಿರ್ತಾಳೆ. ಡಿಸ್ಕೌಂಟ್‌ನಲ್ಲಿ ಗೇಮ್ ಬೆಲೆ ಸಾವಿರಕ್ಕೆ ಇಳಿದರೂ ನಾನು ಕೊಡೋ ನಿಜವಾದ ಬೆಲೆ ಇಳಿಯಲ್ಲ.

ನ್ಯಾನ್ಸಿ ಪರ್ಲ್ ಅಂತ ಅಮೆರಿಕದ ಒಬ್ಬ ಲೈಬ್ರರಿಯನ್ ಪುಸ್ತಕಗಳಿಗೆ ಒಂದು ಸೂತ್ರ ಹೇಳಿದ್ದಾರೆ. ಮೊದಲ 50 ಪುಟ ಓದಿ, ಹಿಡಿಸದಿದ್ದರೆ ಬಿಡಿ. 50 ವರ್ಷ ದಾಟಿದವರು 100ರಿಂದ ತಮ್ಮ ವಯಸ್ಸು ಕಳೆದು, ಉಳಿದಷ್ಟು ಪುಟ ಓದಿದರೆ ಸಾಕು. ಭದ್ರಾವತಿಯಲ್ಲಿರೋ ಅಪ್ಪನಿಗೆ ಈಗ 63. ಇದನ್ನ ಹೇಳಿದಾಗ, "ಹಾಗಾದ್ರೆ ನಂಗೆ 37 ಪುಟ ಸಾಕಾ? ಒಳ್ಳೇದಾಯ್ತು ಬಿಡು" ಅಂತ ನಕ್ಕರು. ಸೂತ್ರದ ಒಳಗಿರೋ ಲೆಕ್ಕ ಅವರಿಗೆ ನನಗಿಂತ ಬೇಗ ಅರ್ಥ ಆಯ್ತು ಅನ್ಸುತ್ತೆ. ವಯಸ್ಸಾದಷ್ಟೂ ಪರೀಕ್ಷೆಗೆ ಕೊಡೋ ಸಮಯ ಕಡಿಮೆ.

ಗೇಮ್‌ಗೆ ಪುಟ ಇಲ್ಲ. ನಾನು ಸಂಜೆ ಲೆಕ್ಕ ಇಟ್ಕೊಂಡಿದೀನಿ. ಮೂರು ಸಂಜೆ, ಅದರಲ್ಲಿ ಒಂದಾದರೂ ಭಾನುವಾರದ್ದಿರಬೇಕು. ಭಾನುವಾರ ಯಾಕೆ ಅಂದ್ರೆ, ರಿಲೀಸ್ ಇದ್ದ ದಿನ ರಾತ್ರಿ ಶುರು ಮಾಡಿದ ಯಾವ ಗೇಮೂ ಚೆನ್ನಾಗಿರಲ್ಲ. ಬಗ್ ಹುಡುಕಿ ಹುಡುಕಿ ಸುಸ್ತಾದ ತಲೆಗೆ ಹೊಸ ಗೇಮ್‌ನ ಹತ್ತು ಬಟನ್ ಕಲಿಯೋದು ಇನ್ನೊಂದು ಟಿಕೆಟ್ ಥರ ಕಾಣುತ್ತೆ. ಅಲ್ಲಿ ತಪ್ಪು ಗೇಮ್‌ದಲ್ಲ, ದಿನದ್ದು.

ಇನ್ನು ಕಷ್ಟ ಮತ್ತು ಬೇಸರ. ಈ ಎರಡನ್ನ ಬೇರೆ ಮಾಡಿಕೊಳ್ಳದೆ ಎಷ್ಟೋ ಜನ ಒಳ್ಳೊಳ್ಳೆ ಗೇಮ್ ಬಿಡ್ತಾರೆ. 2022ರ ಎಲ್ಡೆನ್ ರಿಂಗ್ ನೋಡಿ. ಗುಹೆಯಿಂದ ಹೊರಗೆ ಬಯಲಿಗೆ ಬಂದ ಕೂಡಲೇ ಎದುರಿಗೆ ಚಿನ್ನದ ಕವಚ ತೊಟ್ಟ ದೊಡ್ಡ ಕುದುರೆ ಸವಾರ. ಹತ್ತಿರ ಹೋದರೆ ಒಂದೆರಡೇ ಏಟಿಗೆ ಫಿನಿಶ್. ಹತ್ತು ಸಲ ಸತ್ತು, "ಇದು ನಮ್ಮಂಥೋರಿಗಲ್ಲ" ಅಂತ ರೀಫಂಡ್ ಹಾಕಿದವರು ನನ್ನ ಟೀಮ್‌ನಲ್ಲೇ ಇದ್ದಾರೆ. ಆದರೆ ಆ ಸವಾರನನ್ನ ಅಲ್ಲಿ ನಿಲ್ಲಿಸಿರೋದೇ ಬೇರೆ ಪಾಠಕ್ಕೆ. ಅವನನ್ನ ಆಗಲೇ ಸೋಲಿಸಬೇಕು ಅಂತ ಯಾರೂ ಹೇಳಿಲ್ಲ. ಪಕ್ಕದಿಂದ ಸುತ್ತಿಕೊಂಡು ಹೋಗಿ, ಕುದುರೆ ಸಂಪಾದಿಸಿ, ಬಲ ಬೆಳೆಸಿಕೊಂಡು ವಾಪಸ್ ಬರಬಹುದು. ಇಡೀ ಗೇಮ್ ಇರೋದೇ ಹೀಗೆ.

ಸತ್ತ ತಕ್ಷಣ ಬಾಯಲ್ಲಿ ಏನು ಬರುತ್ತೆ ಅಂತ ನಾನು ಗಮನಿಸ್ತೀನಿ. "ಛೇ, ಎಡಕ್ಕೆ ಸರಿಬೇಕಿತ್ತು" ಅಂತ ಬಂದರೆ ನಾಳೆನೂ ಆಡ್ತೀನಿ. "ಅಯ್ಯೋ, ಮತ್ತೆ ಅಷ್ಟು ದೂರ ಓಡ್ಕೊಂಡು ಬರಬೇಕಾ" ಅಂತ ಬಂದರೆ ಮುಗೀತು. ಮೊದಲನೇದರಲ್ಲಿ ತಲೆ ಇನ್ನೂ ಗೇಮ್ ಒಳಗಿದೆ, ಎರಡನೇದರಲ್ಲಿ ಎದ್ದು ಚಪ್ಪಲಿ ಹುಡುಕ್ತಿದೆ.

ನಿಧಾನದ ಗೇಮ್‌ಗಳಿಗೆ ಈ ಪರೀಕ್ಷೆ ನಡೆಯಲ್ಲ. ಸ್ಟಾರ್‌ಡ್ಯೂ ವ್ಯಾಲಿ ಅಂತಿದೆ, 2016ರದ್ದು. ಎರಿಕ್ ಬರೋನ್ ಅನ್ನೋ ಒಬ್ಬನೇ ಮನುಷ್ಯ ಚಿತ್ರ, ಸಂಗೀತ, ಕೋಡ್ ಎಲ್ಲ ತಾನೇ ಮಾಡಿದ್ದು (ಸಾಫ್ಟ್‌ವೇರ್‌ನವರು ಇಲ್ಲಿ ಒಂದು ನಿಟ್ಟುಸಿರು ಬಿಡಬಹುದು). ಅಜ್ಜನ ಪಾಳುಬಿದ್ದ ಜಮೀನು, ಅದನ್ನ ಹಸನು ಮಾಡಿ ಬೆಳೆ ತೆಗೀಬೇಕು. ಅಲ್ಲಿನ ಒಂದು ದಿನ ನಮ್ಮ ಹದಿನಾಲ್ಕು ನಿಮಿಷ. ಮೊದಲು ಹಾಕೋ ಬೀಜ ನಾಲ್ಕು ದಿನಕ್ಕೆ ಫಸಲು ಕೊಡುತ್ತೆ. ನನ್ನ ಹೆಂಡತಿ ತೀರ್ಥಹಳ್ಳಿ ಕಡೆ ಅಡಿಕೆ ತೋಟದ ಮನೆಯವಳು. ಹಿಂದೆ ನಿಂತು ನೋಡಿ, "ಏನ್ರೀ ಇದು, ನಾಲ್ಕೇ ದಿನಕ್ಕೆ ಬೆಳೆನಾ? ನಮ್ಮಪ್ಪ ಸಸಿ ನೆಟ್ಟು ಐದಾರು ವರ್ಷ ಕಾಯ್ತಾರೆ" ಅಂದಳು. ಅಷ್ಟು ಹೇಳಿದವಳು ಪಕ್ಕದಲ್ಲೇ ಕೂತು, ಯಾವುದಕ್ಕೆ ನೀರು ಹಾಕಿಲ್ಲ ಅಂತ ತೋರಿಸೋಕೆ ಶುರು ಮಾಡಿದಳು. ಆ ಗೇಮ್‌ಗೆ ಮೂರು ಸಂಜೆಯ ಗಡುವು ಅನ್ವಯಿಸಲೇ ಇಲ್ಲ. ಅದು ದಿನ ಮುಗಿಸಿ ಹಾಸಿಗೆಗೆ ಹೋದಾಗ ಮಾತ್ರ ಸೇವ್ ಆಗೋದು. ಮಳೆಗಾಲದಲ್ಲಿ ಕರೆಂಟ್ ಹೋಗಿ ಒಂದಿಡೀ ದಿನದ ಬೇಸಾಯ ಹೋದರೂ ಬೇಜಾರಾಗದೆ ಮತ್ತೆ ಶುರು ಮಾಡಿದ್ವಿ ಅಂದ್ರೆ ತೀರ್ಮಾನ ಆಗಿಹೋಗಿದೆ ಅಂತಲೇ.

ಫ್ರೀ ಗೇಮ್‌ಗಳ ಕಥೆ ಬೇರೆ. ಅಲ್ಲಿ ರೀಫಂಡೂ ಇಲ್ಲ, ಕೊನೆಯೂ ಇಲ್ಲ. ಭದ್ರಾವತಿಯ ಅಕ್ಕನ ಮಗ ಪಿಯುಸಿಯಲ್ಲಿದ್ದಾನೆ, ಬಿಜಿಎಂಐ ಆಡ್ತಾನೆ. "ಇವತ್ತು ಮಜಾ ಬಂತಾ?" ಅಂತ ಕೇಳಿದರೆ, "ಮಜಾ ಏನಿಲ್ಲ ಮಾಮ, ಮಿಷನ್ ಬಾಕಿ ಇತ್ತು" ಅಂದ. ದಿನಾ ಲಾಗಿನ್ ಆದರೆ ಉಡುಗೊರೆ, ಸೀಸನ್ ಮುಗಿಯೋದ್ರೊಳಗೆ ಇಷ್ಟು ಮುಗಿಸಿದರೆ ಹೊಸ ವೇಷ. ಮಜಾ ನಿಂತುಹೋದ ಮೇಲೂ ಬಿಡದ ಹಾಗೆ ಹಿಡಿದಿಡೋದು ಆಟ ಅಲ್ಲ, ಹಾಜರಿ ಪುಸ್ತಕ. ಅವನ ಪೀಳಿಗೆಗೆ ಬಿಡೋ ತೀರ್ಮಾನವನ್ನ ಎರಡು ಸಲ ಸರ್ಕಾರವೇ ಮಾಡಿಕೊಡ್ತು. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್ ನಿಷೇಧ ಆಯ್ತು. 2021ರ ಜುಲೈನಲ್ಲಿ ಬಿಜಿಎಂಐ ಹೆಸರಲ್ಲಿ ವಾಪಸ್ ಬಂತು, 2022ರ ಜುಲೈನಲ್ಲಿ ಸ್ಟೋರ್‌ಗಳಿಂದ ಮತ್ತೆ ಮಾಯ, 2023ರ ಮೇನಲ್ಲಿ ಮತ್ತೆ ಪ್ರತ್ಯಕ್ಷ. ಎರಡನೇ ಸಲ ಹೋಗಿದ್ದಾಗ ಒಂದು ವಾರ ಮುಖ ಸಪ್ಪೆ ಮಾಡ್ಕೊಂಡಿದ್ದ, ಆಮೇಲೆ ನೆನಪೇ ಇರಲಿಲ್ಲ ಅಂತ ಅಕ್ಕ ಹೇಳ್ತಾಳೆ. ಹಾಗಾಗಿ ಅವನಿಗೆ ನಾನು ಹೇಳಿದ್ದು ಒಂದೇ: ಒಂದು ವಾರ ಲಾಗಿನ್ ಆಗಬೇಡ, ಎಂಟನೇ ದಿನ ಆಡಬೇಕು ಅನ್ಸಿದರೆ ಆಡು. ಇನ್ನೂ ನಾಲ್ಕನೇ ದಿನದಲ್ಲಿದ್ದಾನೆ.

ದುಡ್ಡು ಕೊಟ್ಟ ಗೇಮ್‌ಗಳಲ್ಲಿ ಹಿಡಿದಿಡೋದು ಇನ್ನೊಂದು: "ದುಡ್ಡು ಕೊಟ್ಟಿದೀವಲ್ಲ." 1985ರಲ್ಲಿ ಆರ್ಕ್ಸ್ ಮತ್ತು ಬ್ಲೂಮರ್ ಅನ್ನೋ ಇಬ್ಬರು ಇದನ್ನ ಅಮೆರಿಕದ ಒಂದು ವಿಶ್ವವಿದ್ಯಾಲಯದ ನಾಟಕ ಶಾಲೆಯಲ್ಲಿ ಪರೀಕ್ಷೆ ಮಾಡಿ ಬರೆದರು. ಸೀಸನ್ ಟಿಕೆಟ್ ಕೊಳ್ಳೋಕೆ ಬಂದವರಲ್ಲಿ ಕೆಲವರಿಗೆ ಪೂರ್ತಿ ಬೆಲೆ, ಕೆಲವರಿಗೆ ಹೇಳದೆ ಕೇಳದೆ ರಿಯಾಯಿತಿ. ಪೂರ್ತಿ ಬೆಲೆ ಕೊಟ್ಟವರು ಸೀಸನ್‌ನ ಮೊದಲರ್ಧದಲ್ಲಿ ಹೆಚ್ಚು ನಾಟಕ ನೋಡಿದ್ರು. ನಾಟಕ ಎಲ್ಲರಿಗೂ ಒಂದೇ, ಎಳೆದುಕೊಂಡು ಹೋಗಿದ್ದು ಕೊಟ್ಟ ದುಡ್ಡು.

ಭದ್ರಾವತಿಯಲ್ಲಿ ಈ ಮಾತು ಆಡೋವಾಗ ಸ್ವಲ್ಪ ಹುಷಾರಾಗಿರಬೇಕು. 1923ರಲ್ಲಿ ಮೈಸೂರು ಸಂಸ್ಥಾನದ ಕಾಲದಲ್ಲಿ ಉತ್ಪಾದನೆ ಶುರು ಮಾಡಿದ ಕಬ್ಬಿಣದ ಕಾರ್ಖಾನೆ, ಈಗಿನ ವಿಐಎಸ್‌ಎಲ್, ನೂರು ತುಂಬೋ ಹೊತ್ತಿಗೆ, 2023ರ ಜನವರಿಯಲ್ಲಿ, ಮುಚ್ಚೋ ನಿರ್ಧಾರ ಹೊರಬಿತ್ತು. ಕಾರ್ಮಿಕರು ಧರಣಿ ಕೂತರು, ಕೆಲವು ತಿಂಗಳ ನಂತರ ಒಂದು ಭಾಗ ಮತ್ತೆ ಶುರುವಾಯ್ತು. ಅಪ್ಪನ ಜೊತೆ ವಾಕಿಂಗ್ ಬರೋ ಹಿರಿಯರೊಬ್ಬರ ಮುಂದೆ ನಾನು ಈ ನಾಟಕದ ಟಿಕೆಟ್ ಕಥೆ ಹೇಳಿದೆ. ಅವರು ಕೇಳಿ, "ಹಿಂದೆ ಹಾಕಿದ್ದು ದಂಡ ಆಗುತ್ತೆ ಅಂತ ನಾವು ಕೂತಿದ್ದಲ್ಲಪ್ಪ. ಮುಂದೆನೂ ಕಬ್ಬಿಣ ಬೇಕಲ್ಲ, ಕೆಲಸ ಗೊತ್ತಿರೋ ಕೈಗಳು ಇಲ್ಲಿವೆಯಲ್ಲ, ಅದಕ್ಕೆ" ಅಂದರು. ಊರಿನ ಅನ್ನದ ಪ್ರಶ್ನೆಯನ್ನ ಗೇಮ್‌ಗೆ ಹೋಲಿಸೋದು ಅಧಿಕಪ್ರಸಂಗವೇ. ಆದರೂ ಹಿಂದಕ್ಕೆ ನೋಡಿ ಹಿಡ್ಕೊಳ್ಳೋದಕ್ಕೂ ಮುಂದಕ್ಕೆ ನೋಡಿ ಹಿಡ್ಕೊಳ್ಳೋದಕ್ಕೂ ಇರೋ ವ್ಯತ್ಯಾಸ ನನಗೆ ಅಷ್ಟು ಸ್ಪಷ್ಟವಾಗಿ ಯಾವ ಪೇಪರೂ ಹೇಳಿರಲಿಲ್ಲ.

ಅವರ ಮಾತು ಕೇಳಿದ ಮೇಲೆ ರೆಡ್ ಡೆಡ್ ವಿಷಯದಲ್ಲಿ ನನಗೆ ಸುಲಭ ಆಯ್ತು. ಹಿಮ ದಾಟಿದೆ, ಬಯಲು ಕಂಡೆ, ಮೂರನೇ ಸಂಜೆಗೇ ಗೇಮ್ ಹಿಡಿಸಿತ್ತು. ಕ್ಯಾಂಪಿನ ಬೆಂಕಿ ಸುತ್ತ ಕೂತು ಆ ಜನ ಹರಟೋದು ಕೇಳ್ತಾ ಎಷ್ಟೋ ರಾತ್ರಿ ಒಂದು ಗುಂಡೂ ಹಾರಿಸಿಲ್ಲ. ಇಪ್ಪತ್ತೆರಡು ಗಂಟೆ ಆಡಿ ಬಿಟ್ಟೆ. ಬೇಸರವಾಗಿ ಅಲ್ಲ. ಮುಂದಿನ ಮೂವತ್ತು ಗಂಟೆಯಲ್ಲಿ ಏನೇನಿದೆ ಅಂತ ನೋಡಿದಾಗ, ಈ ವರ್ಷ ಆ ಗಂಟೆಗಳಿಗೆ ಬೇರೆ ವಾರಸುದಾರಳಿದ್ದಾಳೆ ಅನ್ನಿಸ್ತು. ಚೆನ್ನಾಗಿರೋ ಗೇಮನ್ನೂ ಅರ್ಧಕ್ಕೆ ನಿಲ್ಲಿಸಬಹುದು, ಯಾರೂ ದಂಡ ಹಾಕಲ್ಲ.

ಒಂದು ಉಪಯೋಗದ ಮಾತು: ಅನ್‌ಇನ್‌ಸ್ಟಾಲ್ ಅಂದ್ರೆ ಅಳಿಸಿಹಾಕೋದು ಅಂತಲ್ಲ. ಬಹಳಷ್ಟು ಗೇಮ್‌ಗಳಲ್ಲಿ ನೀವು ಆಡಿದಷ್ಟು ಕ್ಲೌಡ್‌ನಲ್ಲಿ ಉಳಿಯುತ್ತೆ. ನಾನು ನಂಬದೆ ಸೇವ್ ಫೋಲ್ಡರನ್ನ ಪೆನ್‌ಡ್ರೈವ್‌ಗೂ ಕಾಪಿ ಮಾಡಿ ಗೋದ್ರೇಜ್ ಬೀರುವಿನಲ್ಲಿಟ್ಟಿದೀನಿ. ಡಿಸ್ಕ್‌ನಲ್ಲಿ ಆ ಗೇಮ್ ಕೇಳೋ 150 ಜಿಬಿ ಖಾಲಿಯಾಯ್ತು. ಮಗಳು ಮಗುಚಿಕೊಂಡ ದಿನದಿಂದ ಹೆಂಡತಿ ತೆಗೆಯೋ ವಿಡಿಯೋಗಳು ಅದರಲ್ಲಿ ಆಗಲೇ 40 ಜಿಬಿ ತುಂಬಿವೆ.