ಸಾಲಿ ಅಂಗಳದ ಹೊಂಡ: ನೀರು ನಿಲ್ಲಬೇಕೋ, ಇಂಗಬೇಕೋ?

ಜಗತ್ ಸರ್ಕಲ್ ಸುತ್ತಲಿನ ಸಾಲಿ ಇರಲಿ, ಕಮಲಾಪುರ ಕಡೆಯ ಹಳ್ಳಿ ಸಾಲಿ ಇರಲಿ, ಆವರಣದಲ್ಲಿ ಹೂಳು ತುಂಬಿದ ಹೊಂಡ ಕಂಡರೆ ಎಲ್ಲರೂ ಹೇಳೋದು ಒಂದೇ: ಜೆಸಿಬಿ ತರಿಸ್ರಿ, ಆಳಕ್ಕೆ ತೋಡಿಸ್ರಿ. ಸ್ವಲ್ಪ ತಡೀರಿ. ಈ ಹೊಂಡದಾಗ ನೀರು ನಿಲ್ಲಬೇಕೋ, ನೆಲಕ್ಕೆ ಇಂಗಬೇಕೋ, ಅದು ಮೊದಲು ತೀರ್ಮಾನ ಆಗಲಿ.

ನಮ್ಮದು ಹೆಚ್ಚಾಗಿ ಎರೆ ಭೂಮಿ. ಕಪ್ಪು ಮಣ್ಣು ನೆನೆದಾಗ ಉಬ್ಬಿ ಸಂದು ಮುಚ್ಚಿಕೊಳ್ಳುತ್ತದೆ, ನೀರು ಹಿಡಿದಿಡುತ್ತದೆ. ಅದರ ಕೆಳಗಿನ ಗರಸು ಹಂಗಲ್ಲ, ನೀರನ್ನು ಬಿಟ್ಟುಬಿಡುತ್ತದೆ. ಹೂಳಿನ ಜೊತೆ ಆ ಕಪ್ಪು ಪದರವನ್ನೂ ಕೆರೆದು ಹಾಕಿದರೆ ದೀಪಾವಳಿ ಹೊತ್ತಿಗೆ ಹೊಂಡ ಖಾಲಿ. ಸಾಲಿ ಬೋರ್‌ವೆಲ್‌ಗೆ ಅದರಿಂದ ಲಾಭ ಆಗಬಹುದು. ಆದರೆ ಬೇಸಿಗೆಯಲ್ಲಿ ಗಿಡಕ್ಕೆ ನೀರು ಬೇಕು ಅಂತ ತೋಡಿಸಿದವರಿಗೆ ಏನೂ ಉಳಿಯೋದಿಲ್ಲ. ಅದಕ್ಕೇ ಪಕ್ಕದಲ್ಲಿ ಒಂದು ಸಣ್ಣ ಗುಂಡಿ ತೋಡಿ, ಗರಸು ಎಷ್ಟು ಅಡಿಗೆ ಸಿಗುತ್ತದೆ ನೋಡ್ರಿ.

ನೀರಿನ ಲೆಕ್ಕ ಸುಲಭ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಅಂದರೆ 1 ಲೀಟರ್. 300 ಚದರ ಮೀಟರ್ ಚಾವಣಿಗೆ ವರ್ಷಕ್ಕೆ 750 ಮಿ.ಮೀ. ಮಳೆ ಬಿದ್ದರೆ 2.25 ಲಕ್ಷ ಲೀಟರ್. ಸೋರಿ ಹೋಗಿದ್ದು ಕಳೆದರೂ, 10 ಮೀಟರ್ ಉದ್ದ, 10 ಮೀಟರ್ ಅಗಲ, 2 ಮೀಟರ್ ಆಳದ ಹೊಂಡ ಹೆಚ್ಚುಕಡಿಮೆ ತುಂಬುತ್ತದೆ. ಅಂದರೆ ಚಾವಣಿ ನೀರೇ ಸಾಕು. ರಸ್ತೆ ಚರಂಡಿಯದು ಬೇಡ. ಬಿಸಿಯೂಟದ ತಟ್ಟೆ ತೊಳೆದ ನೀರಂತೂ ಬೇಡವೇ ಬೇಡ. ಅಪ್ಪನ ಕೆರೆಯಲ್ಲಿ ಅಂತರಗಂಗೆ ಹಬ್ಬಿದ್ದು ಕಂಡವರಿಗೆ, ಕೊಳಚೆ ಸೇರಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಸೊಳ್ಳೆ ಚಿಂತೆ ಇದ್ದರೆ ಗಪ್ಪಿ ಮೀನು ಬಿಡ್ರಿ, ಮರಿಹುಳು ತಿಂದುಹಾಕುತ್ತವೆ.

ಇನ್ನು ಸುರಕ್ಷತೆ. ಇದರಲ್ಲಿ ರಾಜಿ ಇಲ್ಲ. ಕೃಷಿ ಹೊಂಡಗಳಲ್ಲಿ ಮಕ್ಕಳು ಮುಳುಗಿದ ಸುದ್ದಿ ಎಷ್ಟು ಓದಿಲ್ಲ ನಾವು? ನೆಟ್ಟಗಿನ ಗೋಡೆ, ಜಾರುವ ಪ್ಲಾಸ್ಟಿಕ್ ಹಾಳೆ ಎರಡೂ ಅಪಾಯ. ಅಂಚು ಇಳಿಜಾರಾಗಿರಲಿ, ಮೆಟ್ಟಿಲಿರಲಿ, ಸುತ್ತ ಬೇಲಿ, ಬೀಗ ಹಾಕೋ ಗೇಟು ಇರಲಿ. ಇಷ್ಟಕ್ಕೆ ದುಡ್ಡಿಲ್ಲ ಅಂದರೆ ಹೊಂಡ ತೋಡಿಸೋದೇ ಬೇಡ.

ಕೊನೆಗೊಂದು ಪೇಚು. ಹೂಳು ಕೈಗೆ ಸಿಗೋದು ಏಪ್ರಿಲ್-ಮೇ ತಿಂಗಳಲ್ಲಿ, ಸಾಲಿಗೆ ಸೂಟಿ ಇರೋದೂ ಆಗಲೇ. ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿಯನ್ನ, ಉದ್ಯೋಗ ಖಾತ್ರಿ ಕೆಲಸವನ್ನ ಕೇಳಬಹುದು. ಜಗತ್‌ನಂಥ ನಗರದ ಬಡಾವಣೆಗೆ ಆ ದಾರಿ ಇಲ್ಲ, ಪಾಲಿಕೆ ಬಾಗಿಲಿಗೇ ಹೋಗಬೇಕು. ಎಲ್ಲೇ ಆಗಲಿ, ಹೂಳು ಯಾರು ತೆಗೀತಾರೆ, ಯಾವ ಹೊಲಕ್ಕೆ ಹೋಗ್ತದೆ, ಗೇಟಿನ ಕೀಲಿ ಯಾರ ಕೈಯಾಗ ಇರ್ತದೆ ಅನ್ನೋದು ಮಾರ್ಚ್‌ನ ಎಸ್‌ಡಿಎಂಸಿ ಸಭೆಯ ನಡಾವಳಿಯಲ್ಲೇ ಬರೆದಿಡಿಸ್ರಿ.