ಬೈಕಿಗೆ ಎರಡು ಎಕ್ಸ್‌ಟ್ರಾ ಕಣ್ಣು

ಶುಕ್ರವಾರ ಸಂಜೆ ಕೊನೇ ಮೀಟಿಂಗ್ ಮುಗಿಸಿ, ಲ್ಯಾಪ್‌ಟಾಪ್ ಮುಚ್ಚಿ, ಬೈಕ್ ಹತ್ತಿದ್ರೆ ನೆಲಮಂಗಲ ದಾಟೋದಕ್ಕೇ ಎಂಟೂವರೆ ಆಗುತ್ತೆ. ಅಲ್ಲಿಂದ ಮೂಡಿಗೆರೆ ಹತ್ತಿರದ ನಮ್ಮೂರಿಗೆ ಇನ್ನೂ ಇನ್ನೂರು ಕಿಲೋಮೀಟರ್‌ಗಿಂತ ಜಾಸ್ತಿ. ಹಾಸನದವರೆಗೆ ಚಿಂತೆ ಇಲ್ಲ, ಅಗಲವಾದ ಹೆದ್ದಾರಿ, ನಡುವೆ ಡಿವೈಡರ್. ಅಸಲಿ ಕತ್ತಲೆ ಶುರುವಾಗೋದು ಬೇಲೂರು ದಾಟಿದ ಮೇಲೆ. ಎರಡೂ ಕಡೆ ಕಾಫಿ ತೋಟ, ಸಿಲ್ವರ್ ಓಕ್ ಸಾಲು, ಬೀದಿದೀಪದ ಸುಳಿವಿಲ್ಲ.

ನನ್ನದು ಸೆಕೆಂಡ್ ಹ್ಯಾಂಡ್ ಹಿಮಾಲಯನ್ 411. ಎಲ್ಲರೂ ಅದನ್ನ ಅಡ್ವೆಂಚರ್ ಟೂರರ್ ಅಂತಾರೆ. ಲಡಾಖ್‌ಗೆ ಹೋಗೋ ಆಸೆ ನನಗೂ ಇದೆ. ಆದರೆ ಸದ್ಯಕ್ಕೆ ನನ್ನ ಅಡ್ವೆಂಚರ್ ಅಂದ್ರೆ ತಿಂಗಳಿಗೆ ಎರಡು ಸಲ ಅಮ್ಮ ಮಾಡೋ ಅಕ್ಕಿರೊಟ್ಟಿ ತಿನ್ನೋಕೆ ಊರಿಗೆ ಹೋಗೋದು.

ಹೋದ ವರ್ಷ ಜೂನ್‌ನಲ್ಲಿ ಒಂದು ರಾತ್ರಿ ಆ ದಾರಿಯಲ್ಲಿ ಕಪ್ಪು ಕರುವೊಂದು ರಸ್ತೆ ಮಧ್ಯೆ ನಿಂತಿತ್ತು. ನನಗೆ ಮೊದಲು ಕಂಡಿದ್ದು ಎರಡು ಹಸಿರು ಚುಕ್ಕಿ ಮಾತ್ರ. ಬ್ರೇಕ್ ಹಿಡಿದೆ. ಬೈಕ್ ನಿಂತಾಗ ಅದರ ಮೂತಿಗೂ ನನ್ನ ಮುಂದಿನ ಚಕ್ರಕ್ಕೂ ಒಂದು ಮೊಳ ಅಂತರ. ಕರು ಕದಲಲೂ ಇಲ್ಲ.

ಮನೆಗೆ ಹೋದ ಮೇಲೆ ನಿದ್ದೆ ಬರಲಿಲ್ಲ. ಲೆಕ್ಕ ಹಾಕ್ತಾ ಕೂತೆ, ಇಂಜಿನಿಯರಿಂಗ್ ಓದಿದ್ದಕ್ಕೆ ಇಷ್ಟಾದ್ರೂ ಉಪಯೋಗ ಬೇಕಲ್ಲ. ಗಂಟೆಗೆ 60 ಕಿ.ಮೀ. ವೇಗ ಅಂದ್ರೆ ಸೆಕೆಂಡಿಗೆ ಸುಮಾರು 17 ಮೀಟರ್. ಎದುರು ಏನೋ ಇದೆ ಅಂತ ಗೊತ್ತಾಗಿ ಕೈ ಬ್ರೇಕ್ ಹಿಡಿಯೋಕೆ ಒಂದೂವರೆ ಸೆಕೆಂಡ್ ಅಂದ್ಕೊಳ್ಳಿ, ಅಲ್ಲಿಗೆ 25 ಮೀಟರ್ ಹೋಯ್ತು. ಒಣ ರಸ್ತೆಯಲ್ಲಿ ಪೂರ್ತಿ ನಿಲ್ಲೋಕೆ ಇನ್ನೊಂದು 23 ಮೀಟರ್. ಒಟ್ಟು 48. ವೇಗ 80 ಆದ್ರೆ ಇದೇ ಲೆಕ್ಕ 75 ಮೀಟರ್ ಹತ್ತಿರ ಹೋಗುತ್ತೆ. 55 ವ್ಯಾಟ್ ಹ್ಯಾಲೊಜೆನ್ ಲೋ ಬೀಮ್‌ನಲ್ಲಿ ಆ ರಸ್ತೆ ನನ್ನ ಕಣ್ಣಿಗೆ ಸರಿಯಾಗಿ ಕಾಣ್ತಿದ್ದದ್ದು ಹೆಚ್ಚೆಂದರೆ 40 ಮೀಟರ್. ಅಂದ್ರೆ ಅಷ್ಟು ದಿನ ನಾನು ಕಾಣದೇ ಇರೋ ರಸ್ತೆಯಲ್ಲಿ ಬರೀ ನಂಬಿಕೆ ಮೇಲೆ ಓಡಿಸ್ತಿದ್ದೆ.

ಬೆಳಿಗ್ಗೆ ಅಪ್ಪನಿಗೆ ಈ ಲೆಕ್ಕ ಹೇಳಿದೆ. "ಹಂಗಾದ್ರೆ ನಲವತ್ತರಲ್ಲಿ ಬಾ" ಅಂದ್ರು. ಉತ್ತರ ಸರಿಯಾಗೇ ಇತ್ತು. ಆದರೆ ಮೂವತ್ತರ ಆಸುಪಾಸಿನವರಿಗೆ ಇಂಥ ಉತ್ತರ ರುಚಿಸಲ್ಲ. ನಾನು ಲೈಟ್ ಹುಡುಕೋಕೆ ಶುರು ಮಾಡಿದೆ.

ಬೆಂಗಳೂರಿನ ಜೆ.ಸಿ. ರೋಡ್‌ಗೆ ಹೋದ್ರೆ ಆಯ್ಕೆಗೇನೂ ಬರ ಇಲ್ಲ. ಪ್ರತಿ ಡಬ್ಬದ ಮೇಲೂ ಲ್ಯೂಮೆನ್ ಸಂಖ್ಯೆ ದಪ್ಪಕ್ಷರದಲ್ಲಿ ಇರುತ್ತೆ. ಲ್ಯೂಮೆನ್ ಅಂದ್ರೆ ದೀಪದಿಂದ ಹೊರಬರೋ ಒಟ್ಟು ಬೆಳಕು. ಅದು ರಸ್ತೆ ಮೇಲೆ ಬೀಳುತ್ತೋ, ಮರದ ತುದಿಯ ಹಕ್ಕಿಗೂಡಿನ ಮೇಲೆ ಬೀಳುತ್ತೋ ಅನ್ನೋದನ್ನ ಆ ಸಂಖ್ಯೆ ಹೇಳಲ್ಲ. ರಸ್ತೆಯ ಒಂದು ಜಾಗದಲ್ಲಿ ಎಷ್ಟು ಬೆಳಕು ಬಿತ್ತು ಅಂತ ಹೇಳೋದು ಲಕ್ಸ್, ಅದನ್ನ ಡಬ್ಬದ ಮೇಲೆ ಬರೆಯೋರು ಕಮ್ಮಿ. ನನಗೂ ಅವತ್ತು ಇದೆಲ್ಲ ಗೊತ್ತಿರಲಿಲ್ಲ. ದೊಡ್ಡ ಸಂಖ್ಯೆ ನೋಡಿ 40 ವ್ಯಾಟ್‌ನ ಎರಡು ಎಲ್‌ಇಡಿ ತಗೊಂಡೆ. ಒಬ್ಬ ಮೆಕ್ಯಾನಿಕ್ ಅದನ್ನ ಕ್ರ್ಯಾಶ್ ಗಾರ್ಡ್‌ಗೆ ಬಿಗಿದು, ಹೆಡ್‌ಲೈಟ್ ವೈರ್‌ನಿಂದಲೇ ಕರೆಂಟ್ ಎಳೆದು, ಹ್ಯಾಂಡಲ್ ಮೇಲೊಂದು ಬೇರೆ ಸ್ವಿಚ್ ಕೂರಿಸಿ, ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಸಿಬಿಟ್ಟ. "ಆ್ಯಂಗಲ್ ಓಕೆನಾ ಸಾರ್?" ಅಂತ ಕೇಳ್ದ. ಮಧ್ಯಾಹ್ನ ಎರಡು ಗಂಟೆ, ತಲೆ ಮೇಲೆ ಬಿಸಿಲು. ನಾನೂ ಸೂಪರ್ ಅಂದೆ.

ನಿಜ ಹೇಳ್ಬೇಕಂದ್ರೆ ಮುಂದಿನ ಎರಡು ಮೂರು ಟ್ರಿಪ್ ಸ್ವರ್ಗ. ತಿರುವಿನ ಮೈಲಿಗಲ್ಲು, ರಸ್ತೆ ಅಂಚಿನ ಗುಂಡಿ, ಪೊದೆಯೊಳಗಿನ ಬೆಕ್ಕು ಎಲ್ಲವೂ ಹಗಲಿನಂಗೆ ಕಾಣ್ತಿತ್ತು. ಎದುರು ಬರೋ ಲಾರಿಗಳು ಪದೇ ಪದೇ ಡಿಪ್ಪರ್ ಹೊಡೀತಿದ್ವು. ನನ್ನ ಬೈಕ್ ನೋಡಿ ಅಸೂಯೆ ಅಂತ ನಾನೇ ನಕ್ಕೊಂಡಿದ್ದೆ.

ಸೆಪ್ಟೆಂಬರ್‌ನ ಒಂದು ಶನಿವಾರ. ಸಂಜೆ ಏಳೂವರೆ. ಕೊಟ್ಟಿಗೆಹಾರದ ಕಡೆಗೆ ಹೊರಟಿದ್ದೆ. ಮಳೆ ನಿಂತು ಸ್ವಲ್ಪ ಹೊತ್ತಾಗಿತ್ತು, ರಸ್ತೆ ಅಂಚೆಲ್ಲ ಕೆಸರು. ಎದುರಿಂದ ಒಂದು ಮೊಪೆಡ್ ಬಂತು. ಅದರ ದೀಪ ಮಿಣಮಿಣ ಅಂತಿತ್ತು. ಓಡಿಸ್ತಿದ್ದವರು ಒಂದು ಕೈ ಎತ್ತಿ ಕಣ್ಣಿಗೆ ಅಡ್ಡ ಹಿಡಿದದ್ದು ನನಗೆ ಸ್ಪಷ್ಟವಾಗಿ ಕಾಣ್ತು. ಅಷ್ಟು ಒಳ್ಳೇ ಬೆಳಕಿತ್ತಲ್ಲ. ನಾನು ಹೈ ಬೀಮ್ ಇಳಿಸಿದೆ. ಆದರೆ ಎಕ್ಸ್‌ಟ್ರಾ ಲೈಟ್‌ಗೆ ಬೇರೆ ಸ್ವಿಚ್. ಹೆಬ್ಬೆರಳು ಅದನ್ನ ಹುಡುಕೋದ್ರೊಳಗೆ ಮೊಪೆಡ್ ಅಂಚಿಗೆ ಸರಿದು, ಕೆಸರಿನಲ್ಲಿ ಜಾರಿ, ಮಗುಚಿತ್ತು.

ಇಬ್ಬರಿದ್ರು. ಅರವತ್ತು ದಾಟಿದ ಅಜ್ಜ, ಹಿಂದೆ ಎಂಟೊಂಬತ್ತು ವರ್ಷದ ಮೊಮ್ಮಗ. ಪುಣ್ಯಕ್ಕೆ ಹುಡುಗನಿಗೆ ಏನೂ ಆಗಿರಲಿಲ್ಲ. ಅಜ್ಜನ ಮೊಣಕೈ ಹರಿದು ರಕ್ತ ಬರ್ತಿತ್ತು. ಡೇರಿಗೆ ಹೊರಟಿದ್ದ ಹಾಲಿನ ಕ್ಯಾನ್ ಮುಚ್ಚಳ ಬಿಚ್ಚಿ, ಹಾಲು ಕೆಂಪು ಕೆಸರಿನೊಳಗೆ ಹರೀತಾ ಇತ್ತು. ನನ್ನ ಬೈಕಿನ ದೀಪ ಇನ್ನೂ ಉರೀತಿತ್ತು, ಅದರ ಬೆಳಕಿನಲ್ಲೇ ಇದೆಲ್ಲ ಕಾಣ್ತಿದ್ದದ್ದು. ನಾನು ಕೈ ಹಿಡಿದು ಎಬ್ಬಿಸಿದಾಗ ಅವರು ಬೈಯಲಿಲ್ಲ. "ನಿಮ್ಗೆ ಬೆಳಕು ಬೇಕು, ಸರಿ ಮಾರಾಯ್ರೆ. ನಮ್ಗೆ ರಸ್ತೆ ಬ್ಯಾಡ್ವಾ?" ಅಂದ್ರು ಅಷ್ಟೆ.

ಮೂಡಿಗೆರೆಗೆ ಕರ್ಕೊಂಡು ಹೋಗಿ ನಾಲ್ಕು ಹೊಲಿಗೆ ಹಾಕಿಸಿ, ಅವರನ್ನ ಮನೆಗೆ ಬಿಟ್ಟು ಬಂದೆ. ಹಾಲಿನ ದುಡ್ಡು ಕೊಡೋಕೆ ಹೋದ್ರೆ ತಗೊಳ್ಳಲಿಲ್ಲ. ಆ ರಾತ್ರಿಯೇ ಎರಡೂ ಲೈಟ್‌ಗೆ ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿದೆ.

ಕಿತ್ತು ಬಿಸಾಕೋಣ ಅಂತಾನೂ ಅನ್ನಿಸ್ತು. ಆದರೆ ಆ ಕರು ನೆನಪಾಗ್ತಿತ್ತು. ದೀಪ ಬೇಕಿತ್ತು, ನಾನು ಅದನ್ನ ಹಾಕಿಸಿದ ರೀತಿ ತಪ್ಪಾಗಿತ್ತು. ತಪ್ಪು ವೈರಿಂಗ್‌ನಲ್ಲೂ ಇತ್ತು, ಕೋನದಲ್ಲೂ ಇತ್ತು.

ವೈರಿಂಗ್ ವಿಷ್ಯ ಮೊದಲು. ಎರಡು ದೀಪ ಸೇರಿ 80 ವ್ಯಾಟ್, 12 ವೋಲ್ಟ್‌ನಲ್ಲಿ ಸುಮಾರು 6.7 ಆಂಪಿಯರ್. ಹೆಡ್‌ಲೈಟ್‌ಗೆ ಅಂತ ಎಳೆದ ತೆಳು ವೈರ್ ಮೇಲೆ ಇಷ್ಟನ್ನ ಹೇರಿದ್ರೆ ಅದು ಬಿಸಿಯಾಗುತ್ತೆ. ಟೇಪ್ ಬಿಚ್ಚಿ ನೋಡಿದಾಗ ಜಾಯಿಂಟ್ ಹತ್ರ ಪ್ಲಾಸ್ಟಿಕ್ ಆಗಲೇ ಮೆತ್ತಗಾಗಿತ್ತು. ಇದಕ್ಕೆ ಮದ್ದು ರಿಲೇ. ತೋಟದ ಮೋಟಾರ್ ಸ್ಟಾರ್ಟರ್ ನೋಡಿದ್ದೀರಲ್ಲ, ಅದೇ ಥರ. ಸಣ್ಣ ಗುಂಡಿ ಒತ್ತಿದ್ರೆ ಒಳಗಿನ ಕಾಯಿಲ್ ದೊಡ್ಡ ಕರೆಂಟಿನ ದಾರಿ ತೆರೆಯುತ್ತೆ. ಎಸ್.ಪಿ. ರೋಡ್‌ನಲ್ಲಿ ಒಂದು ರಿಲೇ, ಫ್ಯೂಸ್ ಹೋಲ್ಡರ್, ದಪ್ಪ ವೈರ್ ತಗೊಂಡೆ. ರಿಲೇ ಮೇಲೆ ನಂಬರ್ ಕೆತ್ತಿರ್ತಾರೆ. ಬ್ಯಾಟರಿಯಿಂದ 10 ಆಂಪಿಯರ್ ಫ್ಯೂಸ್ ಮೂಲಕ 30ಕ್ಕೆ, 87ರಿಂದ ದೀಪಗಳಿಗೆ, 85 ಅರ್ತ್‌ಗೆ. ನನಗೆ ಮುಖ್ಯವಾಗಿ ಬೇಕಿದ್ದದ್ದು 86. ಅದಕ್ಕೆ ಹೈ ಬೀಮ್ ವೈರ್‌ನಿಂದ ಸಿಗ್ನಲ್ ಕೊಟ್ಟೆ, ನಡುವೆ ಹ್ಯಾಂಡಲ್‌ನ ಸ್ವಿಚ್. ಈಗ ಹೈ ಬೀಮ್ ಇದ್ದಾಗ ಮಾತ್ರ ಎಕ್ಸ್‌ಟ್ರಾ ದೀಪ ಹತ್ತುತ್ತೆ. ಡಿಪ್ ಮಾಡಿದ ತಕ್ಷಣ ಎಲ್ಲವೂ ಒಟ್ಟಿಗೆ ಇಳಿಯುತ್ತೆ, ಒಂದೇ ಹೆಬ್ಬೆರಳಿನಲ್ಲಿ. ಊರೊಳಗೆ ಸ್ವಿಚ್ ಪೂರ್ತಿ ಆಫ್.

ಆಲ್ಟರ್ನೇಟರ್ ಕಡೆಗೂ ಒಂದು ಕಣ್ಣಿಡಿ. ನನ್ನ ಬೈಕಿನದು ಸುಮಾರು 220 ವ್ಯಾಟ್. ಹೆಡ್‌ಲೈಟ್, ಫ್ಯೂಯಲ್ ಪಂಪ್, ಇಸಿಯು, ಫೋನ್ ಚಾರ್ಜರ್ ಎಲ್ಲ ಅದರಲ್ಲೇ ಊಟ ಮಾಡಬೇಕು. ಐಡಲ್‌ನಲ್ಲಿ ಅಷ್ಟೂ ಸಿಗಲ್ಲ. ಟ್ರಾಫಿಕ್‌ನಲ್ಲಿ ನಿಂತಾಗ ಎಲ್ಲ ಹಚ್ಚಿಟ್ರೆ ಬ್ಯಾಟರಿ ಇಳಿಯುತ್ತೆ.

ಇನ್ನು ಕೋನ. ನಮ್ಮನೆ ಮುಂದೆ ಕಾಫಿ ಒಣಗಿಸೋ ಸಿಮೆಂಟ್ ಕಣ ಇದೆ, ಅದರ ಕೊನೆಗೆ ಸುಣ್ಣ ಬಳಿದ ಗೋದಾಮಿನ ಗೋಡೆ. ಕೊಯ್ಲಿಗೆ ಇನ್ನೂ ತಿಂಗಳುಗಳಿದ್ದದ್ರಿಂದ ಕಣ ಖಾಲಿ. ಲೈಟ್ ಅಲೈನ್ ಮಾಡೋಕೆ ಇದಕ್ಕಿಂತ ಒಳ್ಳೇ ಲ್ಯಾಬ್ ಸಿಗಲ್ಲ. ಎರಡು ವಾರ ಬಿಟ್ಟು ಊರಿಗೆ ಹೋದಾಗ ರಾತ್ರಿ ಎಂಟಕ್ಕೆ ಬೈಕನ್ನ ಗೋಡೆಯಿಂದ 8 ಮೀಟರ್ ದೂರ ನಿಲ್ಲಿಸಿದೆ. ದೀಪದ ಮಧ್ಯಭಾಗ ನೆಲದಿಂದ 80 ಸೆಂಟಿಮೀಟರ್ ಎತ್ತರ. ಗೋಡೆ ಮೇಲೆ ಅದೇ ಎತ್ತರಕ್ಕೆ ಇದ್ದಿಲಲ್ಲಿ ಒಂದು ಗೆರೆ, ಅದರ 8 ಸೆಂಟಿಮೀಟರ್ ಕೆಳಗೆ ಇನ್ನೊಂದು. ಬೆಳಕಿನ ದಟ್ಟ ಭಾಗ ಕೆಳಗಿನ ಗೆರೆಗೆ ಬರಬೇಕು. ನೂರಕ್ಕೆ ಒಂದರ ಇಳಿಜಾರು ಅದು, ಹಾಗಾಗಿ 80 ಮೀಟರ್ ದೂರದಲ್ಲಿ ಬೆಳಕು ನೆಲ ಮುಟ್ಟುತ್ತೆ. ನನ್ನ 75 ಮೀಟರ್‌ಗೆ ಅಷ್ಟು ಸಾಕು.

ಆದರೆ ಬೈಕ್ ಖಾಲಿ ಇರಬಾರದು. ಸವಾರ ಕೂತಾಗ ಹಿಂದಿನ ಸಸ್ಪೆನ್ಷನ್ ತಗ್ಗಿ ಮೂತಿ ಮೇಲೇಳುತ್ತೆ. ಬಟ್ಟೆ ಬ್ಯಾಗ್, ಊರಿಂದ ತರೋ ತೆಂಗಿನಕಾಯಿ ಚೀಲ ಸೇರಿದ್ರೆ ಇನ್ನೂ ಜಾಸ್ತಿ. ಹಾಗಾಗಿ ಅಪ್ಪನನ್ನ ಸೀಟ್ ಮೇಲೆ ಕೂರಿಸಿದೆ. ಪಂಚೆ ಎತ್ತಿ ಕಟ್ಕೊಂಡು, ಹ್ಯಾಂಡಲ್ ಹಿಡ್ಕೊಂಡು, ಲಡಾಖ್‌ಗೇ ಹೊರಟವರ ಥರ ಗಂಭೀರವಾಗಿ ಕೂತ್ರು. ದೀಪ ಹಚ್ಚಿ ನೋಡಿದ್ರೆ ಹಳೇ ಕೋನದ ಬೆಳಕು ಮೇಲಿನ ಗೆರೆಯನ್ನೂ ದಾಟಿ, ಗೋದಾಮಿನ ಹೆಂಚಿನ ಅಂಚಿಗೆ ಬಡೀತಿತ್ತು. ಅಜ್ಜನ ಮುಖ ಎಲ್ಲಿತ್ತು ಅಂತ ಆಗ ಅರ್ಥ ಆಯ್ತು.

ಬೋಲ್ಟ್ ಸಡಿಲಿಸಿ ಇಳಿಸಿದ ಮೇಲೆ ಜಾಗ ಬದಲಾಯಿಸಿದ್ವಿ. ಬೈಕನ್ನ ಕಣದ ಉದ್ದಕ್ಕೆ ತಿರುಗಿಸಿ ನಾನು ಕೂತೆ, ಅಪ್ಪ ಆ ತುದಿಯಲ್ಲಿ ಮೊಪೆಡ್ ಸವಾರನ ಎತ್ತರಕ್ಕೆ ಸ್ಟೂಲ್ ಹಾಕ್ಕೊಂಡು ಕೂತ್ರು. "ಇನ್ನೂ ಕುಕ್ತದೆ." ಸ್ವಲ್ಪ ಇಳಿಸಿದೆ. "ಈಗ್ಲೂ ಕುಕ್ತದೆ." ಮತ್ತೆ ಇಳಿಸಿದೆ. ಮೂರನೇ ಸಲಕ್ಕೆ ಸುಮಾರಾಯ್ತು ಅಂದ್ರು, ಪೂರ್ತಿ ಸರಿಯಾಯ್ತು ಅನ್ನಲಿಲ್ಲ. ಕಾರಿನ ಹೆಡ್‌ಲೈಟ್‌ನಲ್ಲಿ ಬೆಳಕಿನ ಮೇಲಂಚು ಕತ್ತರಿಸಿದ ಹಾಗಿರುತ್ತೆ. ನನ್ನ ದೀಪಕ್ಕೆ ಅಂಥ ಅಂಚಿಲ್ಲ, ಸ್ವಲ್ಪ ಬೆಳಕು ಮೇಲಕ್ಕೆ ಚೆಲ್ಲಿಯೇ ಚೆಲ್ಲುತ್ತೆ. ಎಷ್ಟೇ ಇಳಿಸಿದ್ರೂ ಎದುರು ವಾಹನ ಬಂದಾಗ ಆರಿಸಲೇಬೇಕು.

ಹಳದಿ ಲೈಟ್ ಹಾಕಿಸು, ಮಂಜು ಸೀಳುತ್ತೆ ಅಂತ ಸ್ನೇಹಿತರು ಹೇಳಿದ್ರು. ಮಂಜಿನ ಹನಿಗಳು ಬೆಳಕಿನ ತರಂಗಾಂತರಕ್ಕಿಂತ ಎಷ್ಟೋ ಪಟ್ಟು ದೊಡ್ಡವು, ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ಥರ ಚೆದುರಿಸ್ತವೆ. ಹಳದಿ ಕಣ್ಣಿಗೆ ಹಿತ ಅನ್ನಿಸಬಹುದು, ಸೀಳೋದೇನೂ ಇಲ್ಲ. ಚಾರ್ಮಾಡಿ ಮಂಜಿನಲ್ಲಿ ಹೈ ಬೀಮ್ ಹಾಕಿದ್ರೆ ಕಣ್ಣೆದುರು ಬಿಳಿ ಗೋಡೆ ಎದ್ದು ನಿಲ್ಲುತ್ತೆ. ಅಲ್ಲಿ ನಾನು ಲೋ ಬೀಮ್‌ನಲ್ಲೇ, ಅಪ್ಪ ಹೇಳಿದ್ದಕ್ಕಿಂತಲೂ ನಿಧಾನಕ್ಕೆ ಹೋಗ್ತೀನಿ.

ಕಾನೂನೂ ಇದೆ. 2024ರ ಜುಲೈನಲ್ಲಿ ಕಣ್ಣು ಕುಕ್ಕೋ ಎಲ್‌ಇಡಿ ದೀಪಗಳ ವಿರುದ್ಧ ರಾಜ್ಯದ ಪೊಲೀಸರು ಕೇಸ್ ಹಾಕೋಕೆ ಶುರು ಮಾಡಿದಾಗ ನಮ್ಮ ಬೈಕ್ ಗ್ರೂಪ್‌ನಲ್ಲಿ ಎಲ್ಲರೂ ಗೊಣಗಿದ್ರು. ಗಟ್ಟಿಯಾಗಿ ಗೊಣಗಿದವರಲ್ಲಿ ನಾನೂ ಒಬ್ಬ.

ಆ ರಾತ್ರಿ ಕಣದಿಂದ ನೇರ ಕೊಟ್ಟಿಗೆಹಾರದ ರಸ್ತೆಗೆ ಹೊರಟೆ. ಅದೇ ತಿರುವಿನ ಹತ್ರ ಎದುರಿಂದ ಒಂದು ಸ್ಕೂಟರ್ ದೀಪ ಕಾಣ್ತು. ಡಿಪ್ ಮಾಡಿದೆ. ಎಲ್ಲ ಒಟ್ಟಿಗೆ ಇಳಿದು, ಒಂದು ಕ್ಷಣ ನನಗೇ ಕತ್ತಲೆ ಅನ್ನಿಸಿ ವೇಗ ತಗ್ಗಿಸಿದೆ. ಸ್ಕೂಟರ್‌ನವನ ಎರಡೂ ಕೈ ಹ್ಯಾಂಡಲ್ ಮೇಲೇ ಇತ್ತು.